ದಿನಕ್ಕೆ ಒಂದೇ ಗಂಟೆ ಇಂಟರ್ನೆಟ್: ನನ್ನ ಅನುಭವ

ನಾನು ದಿನಕ್ಕೆ ಒಂದು ಗಂಟೆ ಮಾತ್ರ ಇಂಟರ್ನೆಟ್ ಬಳಸುತ್ತೇನೆ. ಸಂಜೆ 6:30ರಿಂದ 7:30ರವರೆಗೆ. ಉಳಿದ ಹೊತ್ತು ನನ್ನ ಕಂಪ್ಯೂಟರಿಗೂ ಫೋನಿಗೂ ವೈಫೈ ಸಿಗುವುದಿಲ್ಲ, ಮೊಬೈಲ್ ಡೇಟಾ ಆಫ್ ಇರುತ್ತದೆ. ಇದನ್ನು ಕೇಳಿದವರೆಲ್ಲ ಎರಡು ಮಾತು ಕೇಳುತ್ತಾರೆ. ಕೆಲಸ ಹೇಗೆ ನಡೆಯುತ್ತೆ? ಇಷ್ಟೊಂದು ಕಟ್ಟುನಿಟ್ಟು ಯಾಕೆ, ಸ್ವಲ್ಪ ಕಮ್ಮಿ ಮಾಡಿದ್ರೆ ಸಾಲದಾ? ಎರಡನೆಯದಕ್ಕೆ ಮೊದಲು ಉತ್ತರ ಹೇಳುತ್ತೇನೆ. ನಾನು ಕಲಿತದ್ದರಲ್ಲಿ ಮುಖ್ಯವಾದದ್ದೆಲ್ಲ ಅದರಲ್ಲೇ ಇದೆ.

ನನ್ನ ಮಟ್ಟಿಗೆ, ಸ್ವಲ್ಪ ಕಮ್ಮಿ ಮಾಡುವುದೇ ಜಾಸ್ತಿ ಕಷ್ಟ. ಶುರುವಿನಲ್ಲಿ ನಾನೂ ನಿಮಿಷ ಲೆಕ್ಕ ಹಾಕುವ ದಾರಿಯನ್ನೇ ಹಿಡಿದಿದ್ದೆ. 2018ರಿಂದ ಐಫೋನಿನಲ್ಲೂ ಆಂಡ್ರಾಯ್ಡಿನಲ್ಲೂ ಒಂದೊಂದು ಆ್ಯಪಿಗೆ ಇಷ್ಟು ನಿಮಿಷ ಅಂತ ಮಿತಿ ಇಡುವ ಸೌಲಭ್ಯ ಇದೆ. ದಿನಕ್ಕೆ ಇಷ್ಟು ಅಂತ ಇಟ್ಟುಕೊಂಡೆ. ಬಳಕೆ ಇಳಿಯಿತು, ನಿಜ. ಆದರೆ ತಲೆಯೊಳಗಿನ ಗದ್ದಲ ಇಳಿಯಲಿಲ್ಲ. ಇನ್ನೆಷ್ಟು ಉಳಿದಿದೆ, ಈಗಲೇ ನೋಡಲಾ, ರಾತ್ರಿಗೆ ಉಳಿಸಿಕೊಳ್ಳಲಾ, ಐದೇ ನಿಮಿಷ ನೋಡಿದ್ರೆ ಏನಾಗುತ್ತೆ... ಬೆಳಿಗ್ಗೆಯಿಂದ ರಾತ್ರಿವರೆಗೂ ಇದೇ ಚೌಕಾಸಿ. ಫೋನು ಮುಟ್ಟದೆ ಇದ್ದಾಗಲೂ ಮನಸ್ಸು ಅಲ್ಲೇ ಕೂತಿರುತ್ತಿತ್ತು.

ನಿಮಿಷದ ಲೆಕ್ಕ ಬಿಟ್ಟು ಗಡಿಯಾರದ ಹೊತ್ತನ್ನು ಗೊತ್ತುಮಾಡಿಕೊಂಡಾಗ ಈ ಚೌಕಾಸಿ ನಿಂತುಹೋಯಿತು. ಬೆಳಿಗ್ಗೆ ಹನ್ನೊಂದಕ್ಕೆ "ನೋಡಲಾ ಬೇಡವಾ" ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಯಾಕೆಂದರೆ ಸಿಗುವುದೇ ಇಲ್ಲ. ಬಾಗಿಲಿಗೆ ಬೀಗ ಬಿದ್ದಿದೆ ಅಂತ ಗೊತ್ತಿದ್ದರೆ ಕೈ ಚಿಲಕದ ಕಡೆ ಹೋಗುವುದಿಲ್ಲ, ಅಲ್ವಾ? ನನಗೆ ಬೇಕಾಗಿದ್ದದ್ದು ಮನಸ್ಸಿನ ಗಟ್ಟಿತನ ಅಂತ ಬಹಳ ಕಾಲ ಅಂದುಕೊಂಡಿದ್ದೆ. ನಿಜವಾಗಿ ಬೇಕಾಗಿದ್ದದ್ದು, ದಿನಕ್ಕೆ ನೂರು ಸಲ ಮಾಡುವ ತೀರ್ಮಾನವನ್ನು ಒಂದೇ ಸಲ ಮಾಡಿ ಮುಗಿಸುವುದು.

ಬೀಗ ಹಾಕಿದ್ದು ಹೀಗೆ. ಹೆಚ್ಚಿನ ರೂಟರುಗಳಲ್ಲಿ ಮಕ್ಕಳಿಗಾಗಿ ಅಂತ ಇರುವ ನಿಯಂತ್ರಣದಲ್ಲಿ, ಯಾವ ಸಾಧನಕ್ಕೆ ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ ಸಂಪರ್ಕ ಕೊಡಬೇಕು ಅಂತ ಹೇಳಬಹುದು. ಅದರಲ್ಲಿ ನನ್ನ ಎರಡು ಸಾಧನಗಳನ್ನು ಸೇರಿಸಿದೆ. ಮನೆಯ ಬೇರೆಯವರಿಗೆ ತೊಂದರೆ ಇಲ್ಲ. ರೂಟರಿನ ಪಾಸ್‌ವರ್ಡನ್ನು ತಂಗಿಯ ಕೈಯಲ್ಲಿ ಬದಲಿ ಮಾಡಿಸಿ, ಅವಳ ಹತ್ತಿರವೇ ಇರಲಿ ಅಂದೆ. ಒಂದು ಸೂಕ್ಷ್ಮ ಇದೆ, ಮಾಡುವವರಿಗೆ ಉಪಯೋಗಕ್ಕೆ ಬರಬಹುದು. ರೂಟರು ಸಾಧನವನ್ನು ಗುರುತಿಸುವುದು ಅದರ ಮ್ಯಾಕ್ ವಿಳಾಸದಿಂದ, ಅಂದರೆ ಒಂದೊಂದು ಸಾಧನಕ್ಕೂ ಇರುವ ಗುರುತಿನ ಸಂಖ್ಯೆಯಿಂದ. ಆಂಡ್ರಾಯ್ಡ್ 10, ಐಫೋನಿನ ಐಓಎಸ್ 14 ಬಂದಮೇಲೆ ಫೋನುಗಳು ಗೋಪ್ಯತೆಗಾಗಿ ನಿಜವಾದ ವಿಳಾಸದ ಬದಲು ಬೇರೊಂದನ್ನು ಕೊಡುತ್ತವೆ. ಆ ವಿಳಾಸ ಬದಲಾದರೆ ಫೋನು ಪಟ್ಟಿಯಿಂದ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಮನೆಯ ವೈಫೈಗೆ ಮಾತ್ರ ಆ ಸೌಲಭ್ಯವನ್ನು ಆಫ್ ಮಾಡಿಟ್ಟೆ. ಮೊಬೈಲ್ ಡೇಟಾಕ್ಕೆ ಇಂಥ ಬೀಗ ಹಾಕಲು ಆಗಲಿಲ್ಲ. ಅಲ್ಲಿ ನಾನು ಮಾಡಿದ್ದು ಇಷ್ಟೇ: ಮನೆಯೊಳಗೆ ಕಾಲಿಟ್ಟ ಕೂಡಲೇ ಫೋನನ್ನು ಬಾಗಿಲ ಪಕ್ಕದ ಕಪಾಟಿನ ಮೇಲೆ ಇಡುವುದು. ಕರೆ ಬಂದರೆ ಕೇಳಿಸುತ್ತದೆ.

ಕೆಲಸದ ವಿಷಯಕ್ಕೆ ಬರುತ್ತೇನೆ. ನನ್ನದು ಪುಸ್ತಕಗಳ ಕರಡು ತಿದ್ದುವ ಕೆಲಸ. ಫೈಲು ಇಳಿಸಿಕೊಳ್ಳಲು, ತಿದ್ದಿದ್ದನ್ನು ಕಳಿಸಲು ಬಿಟ್ಟರೆ ಇಂಟರ್ನೆಟ್ ಬೇಕಾಗುವುದು ನಿಘಂಟಿಗೆ, ಹೆಸರು ಇಸವಿ ಸರಿಯಾ ಅಂತ ನೋಡಲಿಕ್ಕೆ. ನಿಘಂಟು ಆಫ್‌ಲೈನ್ ಸಿಗುತ್ತದೆ. ವಿಕಿಪೀಡಿಯಾವನ್ನೂ ಪೂರ್ತಿಯಾಗಿ ಇಳಿಸಿಟ್ಟುಕೊಳ್ಳಬಹುದು. ಕಿವಿಕ್ಸ್ ಅನ್ನುವ ಉಚಿತ ತಂತ್ರಾಂಶ ಇದೆ. ಇಂಗ್ಲಿಷ್ ವಿಕಿಪೀಡಿಯಾ ಚಿತ್ರಗಳ ಸಮೇತ ಸುಮಾರು 100 ಜಿಬಿ ಆಗುತ್ತದೆ, ಕನ್ನಡದ್ದು ಅದಕ್ಕಿಂತ ತುಂಬಾ ಚಿಕ್ಕದು. ಎರಡನ್ನೂ ಒಂದು ಹಾರ್ಡ್ ಡಿಸ್ಕಿನಲ್ಲಿ ಇಟ್ಟುಕೊಂಡಿದ್ದೇನೆ. ಓದುವುದಕ್ಕೆ ಸಿಗುವುದು ಅದೇ ಲೇಖನ. ಪಕ್ಕದಲ್ಲಿ ಮತ್ತೊಂದು ಕಿಟಕಿ ತೆರೆದು ಎಲ್ಲೋ ಹೋಗಿಬಿಡುವ ದಾರಿ ಮಾತ್ರ ಇಲ್ಲ. ಇದು ಎಲ್ಲ ಕೆಲಸಕ್ಕೂ ಒಗ್ಗುವುದಿಲ್ಲ, ಗೊತ್ತು. ಇಡೀ ದಿನ ಆನ್‌ಲೈನ್ ಇರಲೇಬೇಕಾದವರು ಕೆಲಸದ ಹೊರಗಿನ ಹೊತ್ತಿಗೆ ಮಾತ್ರ ಇದನ್ನು ಇಟ್ಟುಕೊಳ್ಳಬಹುದು.

ಈಗ ನೋಟ್‌ಬುಕ್ಕಿನ ವಿಷಯ. ನನ್ನ ಪ್ರಕಾರ ಈ ಇಡೀ ಪ್ರಯೋಗದ ಜೀವ ಇರುವುದು ಇದರಲ್ಲೇ.

ಮೇಜಿನ ಮೇಲೆ ಅಂಗೈ ಅಗಲದ ಒಂದು ಪುಸ್ತಕ ಇದೆ. ಇಂಟರ್ನೆಟ್‌ನಲ್ಲಿ ನೋಡಬೇಕು ಅನ್ನಿಸಿದ್ದನ್ನೆಲ್ಲ ಅದರಲ್ಲಿ ಬರೆಯುತ್ತೇನೆ. ಸಂಜೆ ಅದರಲ್ಲಿ ಇದ್ದದ್ದನ್ನು ಮಾತ್ರ ನೋಡುವುದು. ಒಂದು ಪುಟದಲ್ಲಿ ಇರುವುದು ಹೀಗೆ: "ಮೂರನೇ ಅಧ್ಯಾಯದ ಇಸವಿ ಸರಿಯಾ?" "ಪ್ರಿಂಟರಿನ ಟೋನರ್ ಯಾವ ಮಾದರಿ?" "ಆ ಹಳೇ ನಟಿ ಈಗ ಎಲ್ಲಿದ್ದಾರೆ?" "ಕುತ್ತಿಗೆ ನೋವು ಯಾಕೆ?" ಸಂಜೆಯ ಹೊತ್ತಿಗೆ ನಟಿಯ ಮೇಲೆ ಗೀಟು ಬಿದ್ದಿತ್ತು. ಕುತೂಹಲ ತಾನಾಗಿ ಹೋಗಿತ್ತು. ಟೋನರಿನ ಮಾದರಿ ಪ್ರಿಂಟರಿನ ಮುಚ್ಚಳದ ಒಳಗೇ ಬರೆದಿತ್ತು. ಕುತ್ತಿಗೆ ನೋವಿನ ಎದುರಿಗೆ ಮಧ್ಯಾಹ್ನ "ಎಡಗಡೆ ಮಾತ್ರ" ಅಂತ ಸೇರಿಸಿದ್ದೆ. ಅದರ ಕೆಳಗೆ "ಕೆಲಸ ಮಾಡುವಾಗ ಮಾತ್ರ". ಅಷ್ಟು ಬರೆದಮೇಲೆ ಕಣ್ಣಿಗೆ ಬಿತ್ತು, ನನ್ನ ಪರದೆ ಮೇಜಿನ ಎಡಮೂಲೆಯಲ್ಲಿದೆ! ನಡುವಿಗೆ ಎಳೆದೆ. ಸಂಜೆಗೆ ಉಳಿದದ್ದು ಇಸವಿ ಒಂದೇ. ಮೊದಲಾಗಿದ್ದರೆ ಕುತ್ತಿಗೆ ನೋವು ಅಂತ ಹುಡುಕಿ, ಇಲ್ಲದ ಕಾಯಿಲೆಗಳ ಬಗ್ಗೆ ಓದುತ್ತಾ ಹೆದರಿಕೊಂಡು ಕೂತಿರುತ್ತಿದ್ದೆ.

ಪ್ರಶ್ನೆಗೂ ಉತ್ತರಕ್ಕೂ ನಡುವೆ ಕೆಲವು ಗಂಟೆ ಸಿಕ್ಕರೆ ಪ್ರಶ್ನೆ ಬಲಿಯುತ್ತದೆ, ಇಲ್ಲವೇ ಉದುರುತ್ತದೆ. ಆ ಹೊತ್ತನ್ನು ಕಳೆದುಕೊಂಡಿದ್ದೆವು ಅಂತ ನನಗೆ ಇದರಿಂದಲೇ ಗೊತ್ತಾಗಿದ್ದು. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ಸುಮಾರು 15 ವರ್ಷ ಇಮೇಲ್ ಬಳಸಿ, 1990ರ ಜನವರಿ 1ರಂದು ಅದನ್ನು ಬಿಟ್ಟುಬಿಟ್ಟರು. ಬಂದ ಪತ್ರಗಳನ್ನು ಕೂಡಿಟ್ಟು, ಒಟ್ಟಿಗೆ ಕೂತು ಉತ್ತರಿಸುವ ಪದ್ಧತಿ ಇಟ್ಟುಕೊಂಡರು. ಕಂಪ್ಯೂಟರನ್ನೇ ಬದುಕು ಮಾಡಿಕೊಂಡವರು ಹೀಗೆ ಮಾಡಿದ್ದಾರೆ ಅನ್ನುವುದು ನನಗೆ ದೊಡ್ಡ ಧೈರ್ಯ.

ಮೊದಲ ದಿನಗಳಲ್ಲಿ ಕಷ್ಟವಾಗಿದ್ದು ದೊಡ್ಡ ಬಿಡುವುಗಳಲ್ಲ, ಸಣ್ಣ ಸಂದುಗಳು. ದೊಡ್ಡ ಫೈಲು ಸೇವ್ ಆಗುವಷ್ಟು ಹೊತ್ತು. ಯಾರೋ ಕರೆ ಮಾಡುತ್ತೇನೆ ಅಂದು ಇನ್ನೂ ಮಾಡದೆ ಇರುವ ಹೊತ್ತು. ಅಲ್ಲೆಲ್ಲ ಕೈ ತಾನೇ ಮುಂದೆ ಹೋಗುತ್ತಿತ್ತು, ಏನು ನೋಡಬೇಕು ಅಂತ ಗೊತ್ತಿಲ್ಲದೆ. ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ ಪಾರಿವಾಳಗಳ ಪ್ರಯೋಗದಲ್ಲಿ ತೋರಿಸಿದ್ದು ಇದನ್ನೇ. ಕಾಳು ಯಾವಾಗ ಬೀಳುತ್ತದೆ ಅಂತ ಹೇಳಲಾಗದಿದ್ದರೆ ಹಕ್ಕಿ ಕುಕ್ಕುವುದನ್ನು ಬೇಗ ಬಿಡುವುದಿಲ್ಲ. ಹೊಸ ಸಂದೇಶ ಇರಬಹುದು, ಇಲ್ಲದಿರಬಹುದು. ಅದಕ್ಕೇ ನೋಡುತ್ತೇವೆ. ಆ ಸಂದುಗಳಿಗೆ ನಾನು ಬೇರೇನನ್ನೂ ತುಂಬಲಿಲ್ಲ. ಸುಮ್ನೆ ಕೂತೆ. ಕೆಲವು ವಾರ ಕಳೆದಮೇಲೆ ಕೈ ತಾನಾಗಿ ಸುಮ್ಮನಾಯಿತು.

ಕೆಲಸದಲ್ಲಿ ಆದ ಬದಲಾವಣೆಯನ್ನು ಒಂದು ಉದಾಹರಣೆಯಲ್ಲಿ ಹೇಳುತ್ತೇನೆ. ಅಡಿಟಿಪ್ಪಣಿಯ ಸಂಖ್ಯೆ 14 ಆದಮೇಲೆ ನೇರ 16ಕ್ಕೆ ಹಾರುವುದು ಕರಡಿನಲ್ಲಿ ಸಾಮಾನ್ಯ. 14 ಒಂದು ಪುಟದಲ್ಲಿ, 16 ಎರಡು ಪುಟ ಆಚೆ ಇರುತ್ತದೆ. ನಡುವೆ ಒಮ್ಮೆ ಫೋನು ನೋಡಿ ಬಂದರೆ 14 ನೆನಪಿನಲ್ಲಿ ಇರುವುದಿಲ್ಲ, 16 ತಪ್ಪು ಅಂತ ಕಾಣುವುದೂ ಇಲ್ಲ. ಈಗ ಇಂಥವು ಒಂದೇ ಓದಿಗೆ ಕಣ್ಣಿಗೆ ಬೀಳುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕಿ ಗ್ಲೋರಿಯಾ ಮಾರ್ಕ್ ಕಚೇರಿಗಳಲ್ಲಿ ಕೂತು ಗಮನಿಸಿದಾಗ, ನಡುವೆ ನಿಂತ ಕೆಲಸಕ್ಕೆ ಮತ್ತೆ ಮರಳಲು ಸರಾಸರಿ 23 ನಿಮಿಷ ಬೇಕಾಗುತ್ತಿತ್ತು. ನನ್ನ ಮೇಜಿನ ಮೇಲೂ ಅದು ನಿಜ.

ಆ ಒಂದು ಗಂಟೆಯನ್ನು ಕಳೆಯುವುದಕ್ಕೂ ಒಂದು ಕ್ರಮ ಇದೆ. ಮೊದಲು ಫೈಲುಗಳು, ಆಮೇಲೆ ಇಮೇಲ್ ಮತ್ತು ಸಂದೇಶ, ಆಮೇಲೆ ನೋಟ್‌ಬುಕ್. ಉಳಿದರೆ ಓದು. ಸ್ಕ್ರೋಲ್ ಮಾಡುವ ಆ್ಯಪುಗಳು ಫೋನಿನಲ್ಲಿಲ್ಲ, ಕಂಪ್ಯೂಟರಿನಲ್ಲಿ ಮಾತ್ರ. ಕೆಳಗೆ ಎಳೆದಷ್ಟೂ ಮುಗಿಯದ ಪುಟವನ್ನು 2006ರಲ್ಲಿ ವಿನ್ಯಾಸ ಮಾಡಿದ ಅಜಾ ರಾಸ್ಕಿನ್ ಅವರೇ ಆಮೇಲೆ ಅದಕ್ಕೆ ಬೇಸರ ಪಟ್ಟುಕೊಂಡಿದ್ದಾರೆ. ಆ ಪುಟಕ್ಕೆ ಕೊನೆ ಇಲ್ಲ, 7:30ಕ್ಕೆ ಕೊನೆ ಇದೆ. ಓದುತ್ತಿದ್ದದ್ದು ಅರ್ಧಕ್ಕೆ ನಿಂತರೂ ಪರವಾಗಿಲ್ಲ, ಬೇಕಾದದ್ದು ನಾಳೆಯ ಪಟ್ಟಿಗೆ ಹೋಗುತ್ತದೆ.

ನಷ್ಟ ಇಲ್ಲ ಅಂತ ಹೇಳಲಾರೆ. ಗೆಳೆಯರು ಮಧ್ಯಾಹ್ನ ಗುಂಪಿನಲ್ಲಿ ಮಾತಾಡಿಕೊಂಡು ಏನೋ ಗೊತ್ತುಮಾಡಿಬಿಡುತ್ತಾರೆ, ನನಗೆ ಸಂಜೆ ತಿಳಿಯುತ್ತದೆ. "ಮೆಸೇಜ್ ನೋಡ್ಲೇ ಇಲ್ವಾ?" ಅಂತ ಬೇಸರ ಮಾಡಿಕೊಂಡವರಿದ್ದಾರೆ. ಆ ಬೇಸರ ನ್ಯಾಯವಾದದ್ದೇ. ನಿಯಮ ನನ್ನದು, ಕಾಯುವವರು ಅವರು. ಅದಕ್ಕೇ ಹತ್ತಿರದವರಿಗೆಲ್ಲ ಒಬ್ಬೊಬ್ಬರಿಗೇ ಹೇಳಿದೆ: ತುರ್ತು ಇದ್ದರೆ ಫೋನ್ ಮಾಡಿ, ಎಷ್ಟು ಹೊತ್ತಾದರೂ ಎತ್ತುತ್ತೇನೆ. ಈಗ ಕರೆಗಳು ಹೆಚ್ಚಾಗಿವೆ. ಅಕ್ಷರದಲ್ಲಿ ಮೂರು ದಿನ ಎಳೆಯುತ್ತಿದ್ದ ಮಾತು ದನಿಯಲ್ಲಿ ಬೇಗ ಮುಗಿಯುತ್ತದೆ, ಜೊತೆಗೆ ಅವರು ಹೇಗಿದ್ದಾರೆ ಅನ್ನುವುದೂ ತಿಳಿಯುತ್ತದೆ.

ನಿಯಮ ಸಡಿಲಿಸಬೇಕಾದ ದಿನಗಳೂ ಬರುತ್ತವೆ. ಮನೆಯಲ್ಲಿ ಒಬ್ಬರು ಆಸ್ಪತ್ರೆಯಲ್ಲಿದ್ದಾಗ ಬೀಗ ಪೂರ್ತಿ ತೆಗೆಸಿದ್ದೆ. ತೆಗೆಸುವ ಮೊದಲು, ಮತ್ತೆ ಹಾಕುವ ತಾರೀಕನ್ನು ನೋಟ್‌ಬುಕ್ಕಿನಲ್ಲಿ ಬರೆದು ತಂಗಿಗೂ ಹೇಳಿದೆ. ಆ ದಿನ ಬಂದಾಗ ಅವಳು ನನ್ನನ್ನು ಕೇಳದೆಯೇ ರೂಟರಿನಲ್ಲಿ ಹಳೇ ಹೊತ್ತನ್ನು ಹಾಕಿಟ್ಟಳು. ಸದ್ಯಕ್ಕೆ ಯೋಚಿಸುತ್ತಿರುವುದು ಹೊತ್ತಿನ ಬಗ್ಗೆ. ಸಂಜೆ ಓದಿದ ಕೆಟ್ಟ ಸುದ್ದಿ ಮಲಗುವವರೆಗೂ ಜೊತೆಗೆ ಬರುತ್ತದೆ. ಮುಂದಿನ ತಿಂಗಳು ಆ ಗಂಟೆಯನ್ನು ಮಧ್ಯಾಹ್ನ ಎರಡಕ್ಕೆ ಹಾಕಿ ನೋಡಬೇಕು ಅಂತಿದ್ದೇನೆ.