ಹಳೇ ಮಡಿಕೇರಿಯನ್ನು ಒಂದು ಹಗಲಲ್ಲಿ ನಡೆದು ನೋಡುವುದು ಹೇಗೆ?

ಹಿಂದಿನ ಬೇಸಿಗೆ ರಜೆಯಲ್ಲಿ ಬೆಂಗಳೂರಿಂದ ಬಂದಿದ್ದ ಅಕ್ಕನ ಮಗ ಮಡಿಕೇರಿ ಕೋಟೆಯ ಒಳಗೇ ನಿಂತುಕೊಂಡು, ‘ಮಾವ, ಕೋಟೆಗೆ ಇನ್ನೆಷ್ಟು ದೂರ?’ ಅಂತ ಕೇಳಿದ. ತಪ್ಪು ಅವನದ್ದಲ್ಲ. ಡಾಂಬರು ರಸ್ತೆ, ಸಾಲಾಗಿ ನಿಂತ ಬೈಕುಗಳು, ಹೆಂಚಿನ ಮಾಡು. ಯಾವುದೋ ಸರ್ಕಾರಿ ಕಚೇರಿಯ ಅಂಗಳ ಅನ್ನಿಸಿದರೆ ಆಶ್ಚರ್ಯವಿಲ್ಲ. ಬಂದವರ ಪಟ್ಟಿಯಲ್ಲಿ ಅಬ್ಬಿ ಜಲಪಾತ ಇರುತ್ತದೆ, ಮಾಂದಲ್‌ಪಟ್ಟಿ ಇರುತ್ತದೆ, ಸಂಜೆಗೆ ರಾಜಾಸೀಟು ಇರುತ್ತದೆ. ಊರಿನ ಹಳೇ ಭಾಗ ಮಾತ್ರ ಕಾರಿನ ಗಾಜಿನಾಚೆ ಸರಿದುಹೋಗುತ್ತದೆ.

ನಡೆದು ನೋಡಲು ಒಂದು ಹಗಲು ಸಾಕು. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದರಲ್ಲಿ ಎಡವಿದರೆ ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲಬೇಕಾಗುತ್ತದೆ.

ಹೊರಡುವ ಮುಂಚೆ

ಕೊಡಗಿಗೆ ರೈಲಿಲ್ಲ. ಮೈಸೂರಿಂದ ಸುಮಾರು 120 ಕಿಲೋಮೀಟರ್, ಬಸ್ಸಿಗೇನೂ ಬರವಿಲ್ಲ. ಸೋಮವಾರ ಬರಬೇಡಿ, ಕೋಟೆಯೊಳಗಿನ ಮ್ಯೂಸಿಯಮ್ಮಿಗೆ ರಜೆ. ಶನಿವಾರ, ಭಾನುವಾರವೂ ಬೇಡ. ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ಅರ್ಧ ದಿನ ಹೋಗುತ್ತದೆ. ಶುಕ್ರವಾರ ಸಂತೆ, ಗಿಜಿಗಿಜಿ ಇಷ್ಟವಿದ್ದರೆ ಬನ್ನಿ. ಮಂಗಳವಾರದಿಂದ ಗುರುವಾರದೊಳಗೆ ಒಂದು ದಿನ ಆರಿಸಿಕೊಂಡರೆ ಒಳ್ಳೆಯದು. ಕಾರಿದ್ದರೆ ಉಳಿದುಕೊಂಡ ಕಡೆಯೇ ಬಿಟ್ಟುಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡೆ ಬೇಕೇ ಬೇಕು. ಕ್ಯಾನ್ವಾಸ್ ಶೂ ಬೇಡ, ಒದ್ದೆಯಾದರೆ ಈ ಊರಿನಲ್ಲಿ ನಾಲ್ಕು ದಿನಕ್ಕೂ ಒಣಗುವುದಿಲ್ಲ.

ಬೆಳಗ್ಗೆ: ಓಂಕಾರೇಶ್ವರನಿಂದ ಶುರು

ಮಧ್ಯಾಹ್ನ ದೇವಸ್ಥಾನಕ್ಕೆ ಬಾಗಿಲು ಹಾಕುತ್ತಾರೆ, ಅದಕ್ಕೇ ಇದು ಮೊದಲು. ತಗ್ಗಿನಲ್ಲಿರುವುದರಿಂದ ಎಂಟು ಗಂಟೆಯ ಹೊತ್ತಿಗೂ ಕೆರೆಯ ಮೇಲೆ ಮಂಜು ಕೂತಿರುತ್ತದೆ. ಇದನ್ನು ಕಟ್ಟಿಸಿದವನು ಕೊಡಗನ್ನು ಆಳಿದ ಹಾಲೇರಿ ವಂಶದ ಲಿಂಗರಾಜೇಂದ್ರ, 1820ರಲ್ಲಿ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ, ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದ, ಆ ಕಾಟ ಕಳೆಯಲೆಂದು ಕಾಶಿಯಿಂದ ಲಿಂಗ ತರಿಸಿ ಇಲ್ಲಿ ಪ್ರತಿಷ್ಠಾಪಿಸಿದ ಎಂಬುದು ಸ್ಥಳಪುರಾಣ.

ಒಳಗೆ ಹೋಗುವ ಮೊದಲು ಕೆರೆಯ ಈಚೆ ದಡದಲ್ಲಿ ನಿಂತು ಒಮ್ಮೆ ತಲೆಯೆತ್ತಿ. ರಾಜಗೋಪುರ ಹುಡುಕಬೇಡಿ, ಇಲ್ಲ. ನಡುವೆ ಮಸೀದಿಯದ್ದರಂಥ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ಗುಮ್ಮಟದ ತುದಿಯಲ್ಲಿ ಚಿನ್ನದ ಬಣ್ಣದ ಗುಂಡು, ಅದರ ಮೇಲೆ ಗಾಳಿ ಬೀಸುವ ದಿಕ್ಕು ತೋರಿಸುವ ಸಾಧನ. ಶಿವನ ಗುಡಿಯ ನೆತ್ತಿಯ ಮೇಲೆ ಗಾಳಿಯ ದಿಕ್ಕು ನೋಡುವ ಏರ್ಪಾಡು! ಬಂದವರಲ್ಲಿ ಹತ್ತಕ್ಕೆ ಒಂಬತ್ತು ಜನ ಕೆರೆಯ ಮೀನು ನೋಡುವುದರಲ್ಲೇ ಮುಳುಗಿ ಇದನ್ನು ಗಮನಿಸುವುದೇ ಇಲ್ಲ. ಮೀನನ್ನೂ ನೋಡಿ, ಬೇಡ ಅನ್ನುವುದಿಲ್ಲ. ನೀರಿನ ನಡುವಿನ ಮಂಟಪಕ್ಕೆ ಕಲ್ಲಿನ ಕಾಲುದಾರಿಯಿದೆ.

ಹತ್ತರ ನಂತರ: ಕೋಟೆ

ದೇವಸ್ಥಾನದಿಂದ ಏರು ಹತ್ತಿದರೆ ಕೋಟೆ. ಏದುಸಿರು ಬರುತ್ತದೆ, ಊರು ಇರುವುದೇ 3,800 ಅಡಿ ಎತ್ತರದಲ್ಲಿ, ನಿಧಾನವಾಗಿ ಹತ್ತಿ. 17ನೇ ಶತಮಾನದ ಕೊನೆಗೆ ಮುದ್ದುರಾಜ ಇಲ್ಲಿ ಕಟ್ಟಿದ್ದು ಮಣ್ಣಿನ ಕೋಟೆ. ಮುದ್ದುರಾಜನ ಕೇರಿಯೇ ಮಡಿಕೇರಿಯಾಯಿತು, ಬ್ರಿಟಿಷರ ಬಾಯಲ್ಲಿ ಮರ್ಕಾರ. ಟಿಪ್ಪು ಇದನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರ ದಶಕದ ಆರಂಭದಲ್ಲಿ ದೊಡ್ಡವೀರರಾಜೇಂದ್ರ ಹಿಂದಕ್ಕೆ ಪಡೆದ. ಅರಮನೆಯನ್ನು ಈಗಿನ ರೂಪಕ್ಕೆ ತಂದದ್ದು ಲಿಂಗರಾಜೇಂದ್ರ, 1812ರಿಂದ 1814ರೊಳಗೆ. 1834ರಲ್ಲಿ ಬ್ರಿಟಿಷರು ಬಂದು ಕೂತರು. ಬಾಗಿಲಲ್ಲಿ ಒಂದು ಕ್ಷಣ ನಿಂತು ಇಷ್ಟನ್ನು ನೆನಪಿಸಿಕೊಂಡರೆ ಒಳಗಿನದ್ದು ತಾನಾಗಿ ಬಿಡಿಸಿಕೊಳ್ಳುತ್ತದೆ.

ಒಳಗೆ ಮೊದಲು ಹುಡುಕಬೇಕಾದ್ದು ಜೋಡಿ ಆನೆ. ಗಾರೆಯಲ್ಲಿ ಮಾಡಿದವು, ಜೀವಂತ ಆನೆಯಷ್ಟೇ ಗಾತ್ರ. ದಿನಾ ಬೆಳಗ್ಗೆ ರಾಜನಿಗೆ ಸೊಂಡಿಲೆತ್ತಿ ನಮಸ್ಕರಿಸುತ್ತಿದ್ದ ಆನೆಗಳನ್ನು ಅವನು ಯಾವುದೋ ಸಿಟ್ಟಿಗೆ ಕೊಲ್ಲಿಸಿದ, ಆಮೇಲೆ ಪಶ್ಚಾತ್ತಾಪಪಟ್ಟು ಈ ಗೊಂಬೆ ಮಾಡಿಸಿದ ಅನ್ನುತ್ತಾರೆ. ಕತೆ ಒಬ್ಬೊಬ್ಬರ ಬಾಯಲ್ಲಿ ಒಂದೊಂದು ಥರ. ಅಕ್ಕನ ಮಗನಿಗೆ ಅಂದು ಕೋಟೆ ನಿಜವಾದದ್ದು ಈ ಆನೆಗಳ ಮುಂದೆಯೇ. ಬೆನ್ನ ಮೇಲೆ ಮಾತ್ರ ಹತ್ತಬೇಡಿ.

ಅರಮನೆಯಲ್ಲಿ ಬಹುಕಾಲ ಡಿಸಿ ಕಚೇರಿ ಇತ್ತು. ಪಹಣಿ, ಅರ್ಜಿ ಅಂತ ಅಲೆದ ನಮ್ಮಂಥವರಿಗೆ ಇದು ಅರಮನೆ ಅಂತ ಹೊಳೆದದ್ದು ಕಚೇರಿ ಹೊಸ ಕಟ್ಟಡಕ್ಕೆ ಹೋದ ಮೇಲೆಯೇ. ಒಳಗೆ ಬಿಡುತ್ತಾರಾ ಅಂತ ಬಾಗಿಲಲ್ಲಿ ಕೇಳಿಕೊಳ್ಳಿ. ಗಡಿಯಾರದ ಗೋಪುರ ಬ್ರಿಟಿಷರು ಸೇರಿಸಿದ್ದು. ಮೂಲೆಯ ಇಗರ್ಜಿಯೂ ಅವರದ್ದೇ, 1850ರ ದಶಕದ್ದು. ವೀರಭದ್ರನ ಗುಡಿ ಇದ್ದ ಜಾಗದಲ್ಲಿ ಎದ್ದಿತು. ಈಗ ಅದೇ ಸರ್ಕಾರಿ ಮ್ಯೂಸಿಯಂ. ಬಣ್ಣದ ಗಾಜಿನ ಕಿಟಕಿಯ ಕೆಳಗೆ ಜೈನ ವಿಗ್ರಹಗಳು ನಿಂತಿರುವುದನ್ನು ಬೇರೆಲ್ಲಿ ನೋಡುತ್ತೀರಿ? ಅರ್ಧ ಗಂಟೆ ಕೊಡಿ.

ಹೊರಡುವಾಗ ಇನ್ನೊಂದು ಹೆಸರು: ಗುಡ್ಡೆಮನೆ ಅಪ್ಪಯ್ಯಗೌಡ. ಬ್ರಿಟಿಷರ ವಿರುದ್ಧ 1837ರಲ್ಲಿ ಎದ್ದ ಅಮರಸುಳ್ಯ ದಂಗೆಯ ನಂತರ ಅದೇ ವರ್ಷ ಅಕ್ಟೋಬರ್ 31ರಂದು ಅವರು ಅಪ್ಪಯ್ಯಗೌಡರನ್ನು ಗಲ್ಲಿಗೇರಿಸಿದ್ದು ಈ ಕೋಟೆಯ ಬಳಿಯೇ.

ಊಟ

ಕಡಂಬುಟ್ಟು, ಅಂದರೆ ಅಕ್ಕಿತರಿಯ ಉಂಡೆ ಕಡುಬು, ಜೊತೆಗೆ ಹಂದಿಮಾಂಸದ ಪಂದಿಕರಿ. ಹಂದಿಮಾಂಸ ತಿನ್ನದವರಿಗೆ ಅಕ್ಕಿ ಶ್ಯಾವಿಗೆಯಂಥ ನೂಪುಟ್ಟಿನ ಜೊತೆ ಕೋಳಿಕರಿ; ಸಸ್ಯಾಹಾರಿಗಳು ಮಳೆಗಾಲದಲ್ಲಿ ಬಂದಿದ್ದರೆ ಬೈಂಬಳೆ, ಅಂದರೆ ಕಳಲೆ ಪಲ್ಯ ಇದೆಯಾ ಕೇಳಿ. ಪಂದಿಕರಿಯ ಬಣ್ಣ ಕಪ್ಪಗಿರಬೇಕು, ನಾಲಗೆಯ ಬದಿಗೆ ಹುಳಿ ತಾಗಬೇಕು. ಅದು ಕಾಚಂಪುಳಿಯ, ಅಂದರೆ ಹಣ್ಣಿನಿಂದ ಮಾಡುವ ಕೊಡಗಿನ ಕಪ್ಪು ಹುಳಿಯ ಗುರುತು. ಕೆಂಪಗೆ ಎಣ್ಣೆ ತೇಲುತ್ತಿದ್ದರೆ ಅದು ಪ್ರವಾಸಿಗರಿಗಾಗಿ ಮಾಡಿದ್ದು.

ಮಧ್ಯಾಹ್ನ: ಗದ್ದಿಗೆ

ಮಹದೇವಪೇಟೆಯ ಅಂಗಡಿಗಳ ನಡುವೆ ನಡೆದು ಊರಿನ ಅಂಚಿಗೆ, ಅರಸರ ಸಮಾಧಿಗಳಿರುವ ಗದ್ದಿಗೆಗೆ ಹೋಗಿ. ಕಾಲು ಸೋತಿದ್ದರೆ ಆಟೋ ಹತ್ತಿ, ಬಾಡಿಗೆ ಮಾತ್ರ ಹತ್ತುವ ಮೊದಲೇ ಕೇಳಿ. ಬೆಳಗ್ಗೆ ನೋಡಿದ ಗುಮ್ಮಟವೇ ಇಲ್ಲಿ ಮತ್ತೆ ಎದುರಾಗುತ್ತದೆ. ನಡುವಿನದ್ದು ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮನವರ ಗದ್ದಿಗೆ, ಬಲಕ್ಕೆ ಲಿಂಗರಾಜೇಂದ್ರನದ್ದು, ಎಡಕ್ಕೆ ರಾಜಗುರು ರುದ್ರಪ್ಪನದ್ದು. ಕಿಟಕಿಯ ಹಿತ್ತಾಳೆ ಸರಳುಗಳನ್ನು ಹತ್ತಿರದಿಂದ ನೋಡಿ. ಪಕ್ಕದಲ್ಲೇ ಟಿಪ್ಪುವಿನ ಸೇನೆಯೊಂದಿಗೆ ಕಾದಾಡಿ ಸತ್ತ ಬಿದ್ದಂಡ ಬೋಪು ಮತ್ತು ಅವನ ಮಗ ಸೋಮಯ್ಯನ ಸಮಾಧಿಗಳಿವೆ.

ಕೊನೆಯ ಅರಸ ಚಿಕ್ಕವೀರರಾಜೇಂದ್ರನ ಗದ್ದಿಗೆ ಹುಡುಕಬೇಡಿ. 1834ರಲ್ಲಿ ಪಟ್ಟ ಕಳೆದುಕೊಂಡು ಕಾಶಿಗೆ ಹೋದವನು, ಅಲ್ಲಿಂದ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. 1859ರಲ್ಲಿ ಅಲ್ಲೇ ತೀರಿಕೊಂಡ, ಮಣ್ಣಾದದ್ದೂ ಅಲ್ಲೇ. ಅಪ್ಪ, ದೊಡ್ಡಪ್ಪ ಇಬ್ಬರೂ ಮಲಗಿರುವ ಈ ಹುಲ್ಲುಹಾಸಿನಲ್ಲಿ ಅವನಿಗೆ ಜಾಗ ಸಿಗಲಿಲ್ಲ.

ಸಂಜೆ: ರಾಜಾಸೀಟು

ಐದಕ್ಕೆ ತಲುಪಿದರೆ ಮುಂದಿನ ಸಾಲಿನಲ್ಲಿ ಜಾಗ ಸಿಗುತ್ತದೆ. ಅರಸರು ಕೂತು ಸೂರ್ಯ ಮುಳುಗುವುದನ್ನು ನೋಡುತ್ತಿದ್ದ ಜಾಗ, ಹೆಸರು ಬಂದದ್ದೇ ಹಾಗೆ. ವಿಜಯದಶಮಿಯ ಹೊತ್ತಿಗೆ ಬಂದವರು ಸಂಜೆ ಇಲ್ಲಿ ಸುಸ್ತು ಮಾಡಿಕೊಳ್ಳಬೇಡಿ. ಆ ರಾತ್ರಿ ಬೆಳಗಿನವರೆಗೂ ಮಡಿಕೇರಿ ದಸರಾ ಮೆರವಣಿಗೆಯ ಹತ್ತು ಮಂಟಪಗಳು ಬೀದಿಯಲ್ಲಿರುತ್ತವೆ. ಉಳಿದ ದಿನಗಳಲ್ಲಿ ಸೂರ್ಯ ಕಾಣುವನೋ ಇಲ್ಲವೋ ಮಂಜು ಹೇಳಬೇಕು. ನಾನೂ ಅಕ್ಕನ ಮಗನೂ ಹೋದ ದಿನ ಕಣಿವೆ ಪೂರ್ತಿ ಮುಚ್ಚಿತ್ತು. ‘ಮಾವ, ರಾಜನಿಗೂ ಹೀಗೇ ಆಗ್ತಿತ್ತಾ?’ ಅಂದ. ಆಗದೆ ಇರುತ್ತದಾ ಅಂತ ಹೇಳಿ ಬೆಲ್ಲದ ಕಾಫಿ ಕುಡಿಯಲು ಕರೆದುಕೊಂಡು ಹೋದೆ.