ದೂರದ ಸರ್ವರ್‌ನ ಹಾಲಿನ ಲೆಕ್ಕ ಡ್ಯಾಶ್‌ಬೋರ್ಡ್‌ಗೆ ತರುವುದು ಹೇಗೆ?

ಹಾಲು ಒಕ್ಕೂಟವೊಂದಕ್ಕೆ ಅದರ ಸಂಘಗಳಿಂದ ದಿನಕ್ಕೆರಡು ಪಾಳಿಯ ಲೆಕ್ಕ ಬರುತ್ತದೆ ಎಂದುಕೊಳ್ಳಿ. ಸಂಘದ ಕೋಡ್, ದಿನಾಂಕ, ಪಾಳಿ, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಹಾಲಿನಲ್ಲಿ ಕೊಬ್ಬು ಬಿಟ್ಟು ಉಳಿದ ಘನಾಂಶ) ಇವಿಷ್ಟೂ ಸಿಎಸ್‌ವಿ ಫೈಲ್ (ಅಲ್ಪವಿರಾಮದಿಂದ ಬೇರ್ಪಡಿಸಿದ ಸಾದಾ ಪಠ್ಯದ ಪಟ್ಟಿ) ಆಗಿ ಸಾಫ್ಟ್‌ವೇರ್ ಪೂರೈಕೆದಾರರ ಎಸ್‌ಎಫ್‌ಟಿಪಿ (ಸುರಕ್ಷಿತವಾಗಿ ಫೈಲ್ ಸಾಗಿಸುವ ವಿಧಾನ) ಸರ್ವರ್‌ನಲ್ಲಿ ಬಂದು ಕೂರುತ್ತವೆ. ಕಚೇರಿಯಲ್ಲಿ ಒಬ್ಬರು ಅದನ್ನು ಇಳಿಸಿಕೊಂಡು ಎಕ್ಸೆಲ್‌ಗೆ ಅಂಟಿಸಿ ಚಾರ್ಟ್ ಮಾಡುತ್ತಾರೆ. ಅವರು ರಜೆ ಹಾಕಿದರೆ ಅಂದು ಚಾರ್ಟ್ ಇಲ್ಲ. ಈ ಕೆಲಸ ತಾನಾಗಿ ನಡೆಯಬೇಕಾದರೆ ಸದಾ ಆನ್ ಇರುವ ಒಂದು ವಿಂಡೋಸ್ ಕಂಪ್ಯೂಟರ್, ಫೈಲ್ ಇಳಿಸುವ ವಿನ್‌ಎಸ್‌ಸಿಪಿ ಮತ್ತು ಡ್ಯಾಶ್‌ಬೋರ್ಡ್ ಮಾಡುವ ಮೈಕ್ರೋಸಾಫ್ಟ್‌ನ ಪವರ್ ಬಿಐ ಡೆಸ್ಕ್‌ಟಾಪ್ ಸಾಕು. ಈ ಎರಡೂ ತಂತ್ರಾಂಶ ಉಚಿತ. ವರದಿಯನ್ನು ಸಹೋದ್ಯೋಗಿಗಳ ಜತೆ ಹಂಚಿಕೊಳ್ಳಲು ಮಾತ್ರ ಪವರ್ ಬಿಐನ ಹಣ ಕೊಟ್ಟು ಪಡೆಯುವ ಪ್ರೊ ಲೈಸೆನ್ಸ್ ಬೇಕು.

ಪವರ್ ಬಿಐನಲ್ಲಿ ಎಸ್‌ಎಫ್‌ಟಿಪಿಗೆ ನೇರ ಕನೆಕ್ಟರ್ ಇಲ್ಲ. ಹಾಗಾಗಿ ಫೈಲ್‌ಗಳು ಮೊದಲು ನಮ್ಮ ಫೋಲ್ಡರ್‌ಗೆ ಬರಬೇಕು, ಡ್ಯಾಶ್‌ಬೋರ್ಡ್ ಅಲ್ಲಿಂದ ಓದಬೇಕು. ಇದು ಒಳ್ಳೆಯದೇ. ಸರ್ವರ್ ಕೈಕೊಟ್ಟರೂ ನಿನ್ನೆಯವರೆಗಿನ ಅಂಕಿಅಂಶ ಪರದೆಯ ಮೇಲಿರುತ್ತದೆ, ಲೆಕ್ಕದಲ್ಲಿ ಅನುಮಾನ ಬಂದರೆ ತೆಗೆದು ನೋಡಲು ಮೂಲ ಫೈಲ್ ಕೈಯಲ್ಲಿರುತ್ತದೆ.

ಫೈಲ್ ಇಳಿಸುವ ವ್ಯವಸ್ಥೆ

ಪಾಸ್‌ವರ್ಡ್ ಬದಲು ಕೀ (ನಿಮ್ಮ ಗುರುತು ಸಾಬೀತುಪಡಿಸುವ ಫೈಲ್) ಬಳಸಿ. ವಿನ್‌ಎಸ್‌ಸಿಪಿ ಜತೆಗೇ ಬರುವ ಪುಟ್ಟಿಜೆನ್‌ನಲ್ಲಿ ಜೋಡಿ ಕೀ ತಯಾರಿಸಿ, ಪಬ್ಲಿಕ್ ಕೀಯನ್ನು ಮಾತ್ರ ಸರ್ವರ್ ನೋಡಿಕೊಳ್ಳುವವರಿಗೆ ಕಳಿಸಿ. ಪ್ರೈವೇಟ್ ಕೀ ನಿಮ್ಮ ಕಂಪ್ಯೂಟರ್ ಬಿಟ್ಟು ಹೋಗಕೂಡದು. ನಿಮ್ಮ ಬಳಕೆದಾರ ಹೆಸರಿಗೆ ಓದುವ ಅನುಮತಿ ಮಾತ್ರ ಕೊಡಿ ಎಂದು ಕೇಳಿ. ಮೊದಲ ಸಲ ಪೋರ್ಟ್ 22ರಲ್ಲಿ ಸಂಪರ್ಕಿಸುವಾಗ ಸರ್ವರ್‌ನ ಗುರುತಾದ ಹೋಸ್ಟ್ ಕೀ ಫಿಂಗರ್‌ಪ್ರಿಂಟ್ ತೋರಿಸುತ್ತದೆ. ಅದನ್ನು ಅವರಿಗೆ ಫೋನ್ ಮಾಡಿ ತಾಳೆ ನೋಡಿದ ಮೇಲೆಯೇ ಒಪ್ಪಿಗೆ ಕೊಡಿ.

ಆಮೇಲೆ ಡಿ ಡ್ರೈವ್‌ನಲ್ಲಿ ಒಂದು ಫೋಲ್ಡರ್ ಮಾಡಿ, ವಿನ್‌ಎಸ್‌ಸಿಪಿಯ ಸಿಂಕ್ರೊನೈಸ್ ಕಿಟಕಿ ತೆರೆಯಿರಿ. ದಿಕ್ಕು ‘ಲೋಕಲ್’ ಇರಲಿ, ‘ಡಿಲೀಟ್ ಫೈಲ್ಸ್’ ಗುರುತು ಹಾಕಬೇಡಿ. ಅದೇ ಕಿಟಕಿಯ ಟ್ರಾನ್ಸ್‌ಫರ್ ಸೆಟ್ಟಿಂಗ್ಸ್ ಪಟ್ಟಿಯಲ್ಲಿರುವ ‘ಜನರೇಟ್ ಕೋಡ್’ ಒತ್ತಿದರೆ ನೀವು ಆರಿಸಿದ್ದಕ್ಕೆಲ್ಲ ಸ್ಕ್ರಿಪ್ಟ್ ಸಿದ್ಧವಾಗುತ್ತದೆ. ಅದನ್ನು ಬ್ಯಾಚ್ ಫೈಲ್ ಆಗಿ ಉಳಿಸಿ, ವಿಂಡೋಸ್‌ನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಬೆಳಗ್ಗೆ 10ಕ್ಕೆ ಮತ್ತು ರಾತ್ರಿ 9ಕ್ಕೆ ಓಡುವಂತೆ ಮಾಡಿ. ಯಾರೂ ಲಾಗಿನ್ ಆಗಿರದಿದ್ದರೂ ಓಡುವ ಆಯ್ಕೆ ಕೊಡಲು ಮರೆಯಬೇಡಿ. ಕಂಪ್ಯೂಟರ್ ನಿದ್ರೆಗೆ ಜಾರದಂತೆ ಪವರ್ ಸೆಟ್ಟಿಂಗ್ ಕೂಡ ಬದಲಿಸಿ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಸರ್ವರ್‌ನಲ್ಲಿ ಫೈಲ್ ಇನ್ನೂ ಬರೆಯುತ್ತಿರುವಾಗಲೇ ಇಳಿಸಿಕೊಂಡರೆ ಅರ್ಧ ಸಂಘಗಳ ಲೆಕ್ಕವಷ್ಟೇ ಬರುತ್ತದೆ, ದೋಷದ ಸಂದೇಶವೂ ಬರುವುದಿಲ್ಲ. ಫೈಲನ್ನು ಬೇರೆ ಹೆಸರಿನಲ್ಲಿ ಬರೆದು, ಪೂರ್ತಿಯಾದ ಮೇಲೆ ಸಿಎಸ್‌ವಿ ಎಂದು ಹೆಸರು ಬದಲಿಸುವಂತೆ ಪೂರೈಕೆದಾರರಿಗೆ ಹೇಳುವುದೇ ಸರಿಯಾದ ಪರಿಹಾರ. ಎರಡನೆಯದು, ಇಳಿಸಿದ ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದು ಸೇವ್ ಮಾಡುವುದು. 0042 ಎಂಬ ಸಂಘದ ಕೋಡ್ 42 ಆಗಿಬಿಡುತ್ತದೆ. ಈಗ ನಿಮ್ಮ ಫೈಲೇ ಸರ್ವರ್‌ನದಕ್ಕಿಂತ ಹೊಸದು, ಆದ್ದರಿಂದ ಸಿಂಕ್ರೊನೈಸ್ ಅದನ್ನು ಸರಿಪಡಿಸುವುದೂ ಇಲ್ಲ. ನೋಡಲೇಬೇಕೆಂದಿದ್ದರೆ ನೋಟ್‌ಪ್ಯಾಡ್‌ನಲ್ಲಿ ನೋಡಿ.

ಪವರ್ ಬಿಐಗೆ ಜೋಡಿಸುವುದು

ಗೆಟ್ ಡೇಟಾದಲ್ಲಿ ‘ಫೋಲ್ಡರ್’ ಆರಿಸಿ, ‘ಟ್ರಾನ್ಸ್‌ಫಾರ್ಮ್ ಡೇಟಾ’ ಒತ್ತಿ. ಡೇಟಾ ತಿದ್ದುವ ಪವರ್ ಕ್ವೆರಿ ಕಿಟಕಿ ತೆರೆಯುತ್ತದೆ. ಎಕ್ಸ್‌ಟೆನ್ಷನ್ ಕಾಲಂ ಅನ್ನು ಸಣ್ಣಕ್ಷರಕ್ಕೆ ಬದಲಿಸಿ, ಸಿಎಸ್‌ವಿ ಮಾತ್ರ ಉಳಿಯುವಂತೆ ಫಿಲ್ಟರ್ ಹಾಕಿ. ಪವರ್ ಕ್ವೆರಿಗೆ ದೊಡ್ಡಕ್ಷರ, ಸಣ್ಣಕ್ಷರ ಬೇರೆ ಬೇರೆ. ಬದಲಿಸದಿದ್ದರೆ ದೊಡ್ಡಕ್ಷರದ ಎಕ್ಸ್‌ಟೆನ್ಷನ್ ಇರುವ ಫೈಲ್‌ಗಳು ಬಿಟ್ಟುಹೋಗುತ್ತವೆ. ಈ ಫಿಲ್ಟರ್ ಇದ್ದರೆ ಅರ್ಧ ಇಳಿದು ನಿಂತ, ವಿನ್‌ಎಸ್‌ಸಿಪಿ ‘ಫೈಲ್‌ಪಾರ್ಟ್’ ಎಂಬ ಎಕ್ಸ್‌ಟೆನ್ಷನ್ ಕೊಟ್ಟ ಫೈಲ್‌ಗಳೂ ಒಳಗೆ ಬರುವುದಿಲ್ಲ. ಫೋಲ್ಡರ್ ಕನೆಕ್ಟರ್ ಒಳಗಿನ ಉಪಫೋಲ್ಡರ್‌ಗಳನ್ನೂ ಓದುತ್ತದೆ, ಆದ್ದರಿಂದ ಬ್ಯಾಕಪ್ ಪ್ರತಿಗಳನ್ನು ಅಲ್ಲಿ ಇಡಬೇಡಿ. ಇಟ್ಟರೆ ಹಾಲು ಎರಡು ಪಟ್ಟಾಗುತ್ತದೆ.

‘ಕಂಬೈನ್ ಫೈಲ್ಸ್’ ಒತ್ತಿದಾಗ ಫೈಲ್ ಒರಿಜಿನ್ ಜಾಗದಲ್ಲಿ 65001 ಯೂನಿಕೋಡ್ ಆರಿಸಿದರೆ ಕನ್ನಡದ ಹೆಸರುಗಳು ಸರಿಯಾಗಿ ಬರುತ್ತವೆ. ಆಗಲೂ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವೇ ಕಂಡರೆ, ಮೂಲದಲ್ಲಿ ಹಳೆಯ ನುಡಿ ಅಥವಾ ಬರಹ ಫಾಂಟ್‌ನಲ್ಲಿ ಟೈಪ್ ಮಾಡಿದ್ದಾರೆ ಎಂದರ್ಥ. ಆ ಕಾಲಂ ಅನ್ನೇ ಬಿಟ್ಟುಬಿಡಿ. ಸಂಘಗಳ ಕೋಡ್ ಮತ್ತು ಯೂನಿಕೋಡ್ ಹೆಸರಿನ ಪಟ್ಟಿಯೊಂದನ್ನು ಒಮ್ಮೆ ಮಾಡಿಕೊಂಡು ಕೋಡ್ ಮೂಲಕ ಜೋಡಿಸಿ.

ಈಗ ಹೆಚ್ಚು ಎಚ್ಚರ ಬೇಕಾದ ಜಾಗ. ಕೊನೆಯಲ್ಲಿ ತಾನಾಗಿ ಸೇರಿಕೊಳ್ಳುವ ‘ಚೇಂಜ್ಡ್ ಟೈಪ್’ ಹಂತವನ್ನು ಅಳಿಸಿ, ಪ್ರತಿ ಕಾಲಂ ಬಗೆಯನ್ನು ನೀವೇ ಹೇಳಿ. ಸಂಘದ ಕೋಡ್ ಟೆಕ್ಸ್ಟ್ ಆಗಿರಲಿ. ದಿನಾಂಕಕ್ಕೆ ‘ಯೂಸಿಂಗ್ ಲೊಕೇಲ್’ ಮೂಲಕ ಇಂಗ್ಲಿಷ್ ಇಂಡಿಯಾ ಕೊಡಿ. ಅಮೆರಿಕದ ಕ್ರಮದಲ್ಲಿ ಓದಿದರೆ 05/04 ಎಂಬುದು ಏಪ್ರಿಲ್ 5 ಆಗುವ ಬದಲು ಮೇ 4 ಆಗುತ್ತದೆ. 13ನೇ ತಾರೀಖಿನಿಂದ ಮುಂದೆ ದೋಷ ಕಣ್ಣಿಗೆ ಬೀಳುತ್ತದೆ, 12ರವರೆಗಿನದು ಸದ್ದಿಲ್ಲದೆ ತಪ್ಪು ತಿಂಗಳಿಗೆ ಹೋಗಿ ಸೇರಿರುತ್ತದೆ. ‘ಟ್ರಾನ್ಸ್‌ಫಾರ್ಮ್ ಸ್ಯಾಂಪಲ್ ಫೈಲ್’ ಕ್ವೆರಿಯ ಮೊದಲ ಹಂತದಲ್ಲಿ ಕಾಲಂಗಳು ಇಷ್ಟೇ ಎಂದು ಸಂಖ್ಯೆಯನ್ನು ನಿಗದಿಮಾಡಿ ಬರೆದಿರುತ್ತದೆ, ಅದನ್ನೂ ತೆಗೆಯಿರಿ. ಇಲ್ಲದಿದ್ದರೆ ಮುಂದೆ ಪೂರೈಕೆದಾರರು ಹೊಸ ಕಾಲಂ ಸೇರಿಸಿದಾಗ ಅದು ನಿಮಗೆ ಕಾಣುವುದೇ ಇಲ್ಲ. ಸಂಘದ ಕೋಡ್, ದಿನಾಂಕ, ಪಾಳಿ ಮೂರೂ ಒಂದೇ ಇರುವ ಸಾಲುಗಳಲ್ಲಿ ಒಂದನ್ನು ಮಾತ್ರ ಉಳಿಸಿ.

ಫ್ಯಾಟ್ ಸರಾಸರಿಯನ್ನು ಪವರ್ ಬಿಐ ಕೊಟ್ಟ ಹಾಗೆ ತೆಗೆದುಕೊಳ್ಳಬಾರದು. ಒಂದು ಸಂಘದಿಂದ 4.0 ಫ್ಯಾಟ್‌ನ 100 ಲೀಟರ್, ಇನ್ನೊಂದರಿಂದ 5.2ರ 20 ಲೀಟರ್ ಬಂದರೆ ಬರಿಯ ಸರಾಸರಿ 4.6 ತೋರಿಸುತ್ತದೆ. ಟ್ಯಾಂಕರ್‌ನಲ್ಲಿರುವ ಹಾಲಿನ ಫ್ಯಾಟ್ 4.2. ಲೀಟರ್ ಮತ್ತು ಫ್ಯಾಟ್ ಗುಣಿಸಿದ ಮೊತ್ತವನ್ನು ಒಟ್ಟು ಲೀಟರ್‌ನಿಂದ ಭಾಗಿಸುವ ಮೆಷರ್ (ಪವರ್ ಬಿಐನ ಲೆಕ್ಕದ ಸೂತ್ರ) ಬರೆಯಿರಿ. ಹಾಲಿನ ಲೆಕ್ಕ ಬಲ್ಲವರು ವರದಿಯಲ್ಲಿ ಮೊದಲು ನೋಡುವುದು ಇದನ್ನೇ.

ತಾನಾಗಿ ಹೊಸದಾಗಬೇಕಾದರೆ

ವರದಿಯನ್ನು ಪವರ್ ಬಿಐನ ಆನ್‌ಲೈನ್ ಸೇವೆಗೆ ಪಬ್ಲಿಷ್ ಮಾಡಿದ ಮೇಲೆ, ಆ ಸೇವೆ ನಿಮ್ಮ ಫೋಲ್ಡರ್ ಓದಲು ಸೇತುವೆಯಾಗುವ ಆನ್-ಪ್ರೆಮಿಸಸ್ ಡೇಟಾ ಗೇಟ್‌ವೇಯನ್ನು ಅದೇ ಕಂಪ್ಯೂಟರ್‌ನಲ್ಲಿ ಹಾಕಿ. ಗೇಟ್‌ವೇಯಲ್ಲಿ ಕೊಡುವ ಫೋಲ್ಡರ್ ಹಾದಿ ಡೆಸ್ಕ್‌ಟಾಪ್‌ನಲ್ಲಿ ಕೊಟ್ಟದ್ದಕ್ಕೆ ಅಕ್ಷರಶಃ ಹೊಂದಬೇಕು. ಅಲ್ಲಿ ನೀಡಿದ ವಿಂಡೋಸ್ ಖಾತೆಗೆ ಆ ಫೋಲ್ಡರ್ ಓದುವ ಅನುಮತಿ ಇರಬೇಕು; ಆ ಖಾತೆಯ ಪಾಸ್‌ವರ್ಡ್ ಬದಲಿಸಿದರೆ ಇಲ್ಲಿಯೂ ಬದಲಿಸಬೇಕು. ಸಮಯವಲಯ ಭಾರತದ್ದು ಇಟ್ಟು ಬೆಳಗ್ಗೆ 10.30ಕ್ಕೆ ಮತ್ತು ರಾತ್ರಿ 9.30ಕ್ಕೆ ರಿಫ್ರೆಶ್ ಹೊಂದಿಸಿ. ಪ್ರೊ ಲೈಸೆನ್ಸ್‌ನಲ್ಲಿ ದಿನಕ್ಕೆ 8 ರಿಫ್ರೆಶ್‌ಗೆ ಅವಕಾಶವಿದೆ, ಈ ಕೆಲಸಕ್ಕೆ ಎರಡೇ ಸಾಕು.

ರಿಫ್ರೆಶ್ ಆಯಿತೆಂದ ಮಾತ್ರಕ್ಕೆ ಹೊಸ ಲೆಕ್ಕ ಬಂದಿದೆ ಎಂದಲ್ಲ. ಫೈಲ್ ಇಳಿಯದೇ ಇದ್ದರೂ ಪವರ್ ಬಿಐ ಹಳೆಯದನ್ನೇ ಮತ್ತೆ ಓದಿ ಯಶಸ್ವಿ ಎನ್ನುತ್ತದೆ. ಅದಕ್ಕಾಗಿ ವರದಿಯ ಮೇಲ್ಭಾಗದಲ್ಲಿ ಡೇಟಾದೊಳಗಿನ ಕೊನೆಯ ದಿನಾಂಕ, ಆ ದಿನ ಲೆಕ್ಕ ಕಳಿಸಿದ ಸಂಘಗಳ ಸಂಖ್ಯೆ ಎರಡನ್ನೂ ದೊಡ್ಡದಾಗಿ ತೋರಿಸಿ. ದಿನಾಂಕ ಹಿಂದುಳಿದಿದ್ದರೆ ಟಾಸ್ಕ್ ಶೆಡ್ಯೂಲರ್‌ನ ‘ಲಾಸ್ಟ್ ರನ್ ರಿಸಲ್ಟ್’ ನೋಡಿ. ಸೊನ್ನೆ ಬಿಟ್ಟು ಬೇರೇನಿದ್ದರೂ ತೊಂದರೆ ಇರುವುದು ಇಳಿಸುವ ಹಂತದಲ್ಲಿ. ರಿಫ್ರೆಶ್ ಸತತ ನಾಲ್ಕು ಸಲ ವಿಫಲವಾದರೆ ಪವರ್ ಬಿಐ ಆ ವೇಳಾಪಟ್ಟಿಯನ್ನೇ ನಿಲ್ಲಿಸಿಬಿಡುತ್ತದೆ. ಕಾರಣ ಸರಿಪಡಿಸಿದ ನಂತರ ಸೆಟ್ಟಿಂಗ್ಸ್‌ಗೆ ಹೋಗಿ ಅದನ್ನು ಕೈಯಾರೆ ಮತ್ತೆ ಆನ್ ಮಾಡಬೇಕು.