ಬಿಚ್ಚಿ ಜೋಡಿಸುವ ಎಲ್ವೆಡನ್ ಹಾಲ್: ನನ್ನ ಅನುಭವ

ಇಂಗ್ಲೆಂಡಿನ ಸಫೋಕ್ ಕೌಂಟಿಯ ಎಲ್ವೆಡನ್ ಹಾಲ್ ಎಂಬ ದೊಡ್ಡ ಬಂಗಲೆಯ ಇತಿಹಾಸವನ್ನೆಲ್ಲ ಒಂದು ಪ್ರದರ್ಶನಕ್ಕಾಗಿ ಬಿಚ್ಚಿ ಜೋಡಿಸುವ ಒಂದೇ ಮಾದರಿ ಕಟ್ಟಡದಲ್ಲಿ ತೋರಿಸುತ್ತೇನೆಂದು ಹೇಳಿದಾಗ ನಮ್ಮ ವರ್ಕ್‌ಶಾಪಿನಲ್ಲಿ ಯಾರೂ ಒಪ್ಪಲಿಲ್ಲ. ಕಾಲಕ್ಕೊಂದರಂತೆ ಸಣ್ಣ ಮಾದರಿಗಳನ್ನು ಮಾಡಿ ಸಾಲಾಗಿ ಇಡುವುದೇ ಕ್ಷೇಮ ಎಂಬುದು ಎಲ್ಲರ ಸಲಹೆಯಾಗಿತ್ತು. ಬೆಂಗಳೂರಿನಲ್ಲಿ ನನಗೆ ಈ ಕೆಲಸ ಕಲಿಸಿದ ಮೇಷ್ಟ್ರು ಕೂಡ ಫೋನಿನಲ್ಲಿ, "ಕೂಡಿಕೆ ಇರುವ ಕಡೆ ಬಿರುಕು ಬಂದೇ ಬರುತ್ತದಪ್ಪಾ, ಕೈ ಸುಟ್ಟುಕೊಳ್ಳಬೇಡ" ಎಂದಿದ್ದರು. ಪ್ರದರ್ಶನಕ್ಕೆ ಬಂದವರು ಎಂಟು ತಿಂಗಳು ದಿನವೂ ಅದನ್ನು ಬಿಚ್ಚಿ ಜೋಡಿಸಿದ ಮೇಲೂ ಒಂದು ಬಿರುಕು ಸಹ ಬಿದ್ದಿಲ್ಲವಾದ್ದರಿಂದ, ಈಗ ಧೈರ್ಯವಾಗಿ ಬರೆಯುತ್ತಿದ್ದೇನೆ.

ನನ್ನ ಹಟಕ್ಕೆ ಆ ಮನೆಯೇ ಕಾರಣ. ಪಂಜಾಬಿನ ಸಿಂಹಾಸನ ಕಳೆದುಕೊಂಡ ಮಹಾರಾಜ ದುಲೀಪ್ ಸಿಂಗ್ 1863ರಲ್ಲಿ ಸುಮಾರು 17,000 ಎಕರೆಯ ಈ ಎಸ್ಟೇಟನ್ನು ಕೊಂಡು, ವಾಸ್ತುಶಿಲ್ಪಿ ಜಾನ್ ನಾರ್ಟನ್ ಅವರಿಂದ 1870ರ ಹೊತ್ತಿಗೆ ಮನೆಯನ್ನು ಹೊಸದಾಗಿ ಕಟ್ಟಿಸಿದರು. ಹೊರಗೆ ಇಟಲಿಯ ಧಾಟಿಯ ಕೆಂಪು ಇಟ್ಟಿಗೆಯ ಕಟ್ಟಡ, ಒಳಗೆ ಲಾಹೋರಿನ ಅರಮನೆಗಳನ್ನು ನೆನಪಿಸುವ ಗಾರೆಯ ಕುಸುರಿ. ಅವರು 1893ರಲ್ಲಿ ಪ್ಯಾರಿಸ್‌ನಲ್ಲಿ ತೀರಿಕೊಂಡ ಮರುವರ್ಷ ಗಿನ್ನೆಸ್ ಮನೆತನದ ಲಾರ್ಡ್ ಐವಾ ಎಸ್ಟೇಟನ್ನು ಕೊಂಡರು. 1899ರಿಂದ 1903ರವರೆಗೆ ವಿಲಿಯಂ ಯಂಗ್ ಅವರ ಯೋಜನೆಯಂತೆ ಹಳೆಯ ಮನೆಗೆ ಸರಿಜೋಡಿಯಾದ ಇನ್ನೊಂದು ಭಾಗವನ್ನು ಕಟ್ಟಿಸಿ, ಎರಡರ ನಡುವೆ ತಾಮ್ರದ ಗುಮ್ಮಟವಿರುವ ಅಮೃತಶಿಲೆಯ ಸಭಾಂಗಣವನ್ನು ಕೂರಿಸಿದರು. ಹೀಗೆ ಮೂರು ತುಂಡುಗಳಾಗಿ ಬೆಳೆದ ಮನೆಯನ್ನು ಮೂರು ತುಂಡುಗಳಾಗಿಯೇ ಮಾಡಬೇಕಲ್ಲವೇ?

ಆ ಮನೆ ಖಾಸಗಿಯವರದು, ಸಾರ್ವಜನಿಕರಿಗೆ ತೆರೆದಿಲ್ಲ. ಪಕ್ಕದ ಚರ್ಚಿನ ಅಂಗಳದಲ್ಲಿರುವ ಮಹಾರಾಜರ ಸಮಾಧಿಯವರೆಗೆ ಮಾತ್ರ ಹೋಗಿ ಬಂದೆ. ಉಳಿದದ್ದಕ್ಕೆಲ್ಲ ಬ್ರಿಟನ್ನಿನ ಸರ್ಕಾರಿ ನಕ್ಷೆ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯ ಹಳೆಯ ಮತ್ತು ಹೊಸ ನಕ್ಷೆಗಳನ್ನು, ಫೋಟೋಗಳನ್ನು ಹಾಗೂ ಸುಮಾರು 60 ಪೌಂಡಿಗೆ ಸಿಕ್ಕ, ಆ ಮನೆಯ ವಸ್ತುಗಳ 1984ರ ಹರಾಜಿನ ಕ್ಯಾಟಲಾಗನ್ನು ನೆಚ್ಚಿಕೊಂಡೆ.

ಮೊದಲ ಸೋಲು ಪ್ಲಾಸ್ಟರ್ ಆಫ್ ಪ್ಯಾರಿಸ್‌ನದು. ಎರಡು ಭಾಗಗಳೂ ಸರಿಜೋಡಿಯಾದ್ದರಿಂದ ಒಂದೇ ಸಿಲಿಕೋನ್ ಅಚ್ಚಿನಿಂದ ಎರಡನ್ನೂ ಎರಕ ಹೊಯ್ಯಬಹುದೆಂಬ ನನ್ನ ಲೆಕ್ಕ ಸರಿಯಾಗಿಯೇ ಇತ್ತು, ಆದರೆ ಬಿಚ್ಚಿ ಜೋಡಿಸಿದಂತೆಲ್ಲ ಗೋಡೆಯ ತುದಿಯ ಅಲಂಕಾರದ ಪಟ್ಟಿಯಾದ ಕಾರ್ನಿಸ್‌ನ ಅಂಚುಗಳು ಉದುರತೊಡಗಿದವು. ಎರಡನೆಯ ಸಲ ಪ್ಲಾಸ್ಟಿಕ್ಕಿನಂತೆ ಗಟ್ಟಿಯಾಗುವ ದ್ರವವಾದ ರೆಸಿನ್ ಬಳಸಿದೆ. ಅದು ಗಟ್ಟಿಯಾಗಿ ನಿಂತರೂ ಕಿಟಕಿಯ ಪಕ್ಕ ಇಟ್ಟಿದ್ದ ಅಮೃತಶಿಲೆಯ ಸಭಾಂಗಣ ಒಂದು ಬೇಸಿಗೆಯಲ್ಲೇ ಹಳದಿಗೆ ತಿರುಗಿತು. ಈ ಎರಡು ತಪ್ಪುಗಳಿಗೇ ಹೆಚ್ಚುಕಡಿಮೆ 900 ಪೌಂಡ್ ಹೋಯಿತು, ಈ ಕೆಲಸಕ್ಕೆ ನಾನು ಒಪ್ಪಿಕೊಂಡಿದ್ದ ಮೊತ್ತವೇ 2,800 ಪೌಂಡ್. ಕೊನೆಗೆ ರೆಸಿನ್‌ಗೆ ಬೆರೆಸಿದ ಬಿಳಿ ಪುಡಿ ಯಾವುದು, ಎಷ್ಟು ಎಂಬುದನ್ನು ಇಲ್ಲಿ ಹೇಳುವುದಿಲ್ಲ. ಅದರ ಹದ ಸಿಗಲು ನನಗೆ ಹನ್ನೊಂದು ಎರಕ ಬೇಕಾಯಿತು. ತುಂಡುಗಳನ್ನು ಹಿಡಿದಿರುವ ಆಯಸ್ಕಾಂತಗಳ ಬಗ್ಗೆ ಇಷ್ಟನ್ನು ಹೇಳಬಲ್ಲೆ: ಅವು ತೂಕ ಹೊರುವುದಿಲ್ಲ, ಜಾಗ ತೋರಿಸುತ್ತವೆ ಅಷ್ಟೆ. ತೂಕವೆಲ್ಲ ಕೆಳಗಿನ ಹಿತ್ತಾಳೆ ಪಟ್ಟಿಯ ಮೇಲೆ ಬೀಳುವುದರಿಂದ ಕೂಡಿಕೆಗೆ ಪೆಟ್ಟಾಗುವುದಿಲ್ಲ.

ಗುಮ್ಮಟಕ್ಕಾಗಿ ಮೂರು ವಾರ ಕಳೆದೆ. 1903ರ ತಾಮ್ರ ಹೊಸದಾಗಿ ಹೊಳೆಯಬೇಕು, ನಂತರದ ಗುಮ್ಮಟ ಹಸಿರು ಕಿಲುಬು ಹಿಡಿದಿರಬೇಕು. ಹಾಗಾಗಿ ಎರಡು ಗುಮ್ಮಟ ಮಾಡಿದೆ. ಬಣ್ಣ ಹಚ್ಚುವುದು ನನಗೆ ಒಗ್ಗದ ಕೆಲಸವಾದ್ದರಿಂದ ನಿಜವಾದ ತಾಮ್ರದ ತೆಳು ತಗಡನ್ನೇ ಮರದ ಅಚ್ಚಿನ ಮೇಲೆ ಬಡಿದು ಕೂರಿಸಿದೆ. ಬರೀ ವಿನೆಗರ್ ಮತ್ತು ಉಪ್ಪಿನಿಂದ ಕಿಲುಬು ತೇಪೆ ತೇಪೆಯಾಗಿ ಬಂತು. ಅಮ್ಮ ತಾಮ್ರದ ಬಿಂದಿಗೆ ತೊಳೆಯುತ್ತಿದ್ದ ರೀತಿಯಲ್ಲಿ ತಗಡನ್ನು ಮೊದಲು ಹುಣಸೆಹಣ್ಣಿನಿಂದ ಉಜ್ಜಿ, ಉಪ್ಪುನೀರು ಚಿಮುಕಿಸಿ, ಮುಚ್ಚಿದ ಡಬ್ಬಿಯಲ್ಲಿ ಅಮೋನಿಯಾದ ಆವಿಗೆ ಎರಡು ದಿನ ಒಡ್ಡಿದಾಗ ಇಡೀ ಗುಮ್ಮಟಕ್ಕೆ ನೀಲಿ ಬೆರೆತ ಹಸಿರು ಸಮನಾಗಿ ಹಬ್ಬಿತು. ಆ ಬಣ್ಣದಲ್ಲಿ ನನ್ನನ್ನು ಮೀರಿಸುವವರು ಈ ಸುತ್ತಿನಲ್ಲಿ ಯಾರೂ ಇಲ್ಲ. ಇದೇ ರೀತಿಯಲ್ಲಿ ಹಿತ್ತಾಳೆಗೂ ಬಣ್ಣ ಬರಿಸಲು ನೋಡಿದೆ, ಬರೀ ಕಪ್ಪಾಯಿತು.

ಉಪಯೋಗ ಬದಲಾದುದನ್ನು ತೋರಿಸುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಎರಡನೆಯ ಮಹಾಯುದ್ಧದಲ್ಲಿ ಈ ಮನೆ ಅಮೆರಿಕದ ಎಂಟನೆಯ ವಾಯುಪಡೆಯ ಮೂರನೆಯ ಡಿವಿಷನ್ನಿನ ಮುಖ್ಯ ಕಚೇರಿಯಾಗಿತ್ತು. ಅದರ ಸೇನಾಧಿಕಾರಿ ಕರ್ಟಿಸ್ ಲೆಮೇ ಇಲ್ಲಿಂದಲೇ ಅದನ್ನು ನಡೆಸಿದರು. 1984ರಲ್ಲಿ ಮನೆಯೊಳಗಿನ ವಸ್ತುಗಳನ್ನೆಲ್ಲ ನಾಲ್ಕು ದಿನ ಹರಾಜು ಹಾಕಲಾಯಿತು, ಆಮೇಲೆ ಅಲ್ಲಿ ಸಿನಿಮಾ ಚಿತ್ರೀಕರಣಗಳು ನಡೆದವು. ನಾನು ಮೊದಲು ಕೋಣೆ ಕೋಣೆಗೂ ಪುಟ್ಟ ಸೋಫಾ, ಮೇಜು, ಟೆಲಿಫೋನುಗಳನ್ನು ಮಾಡುತ್ತ ಸುಮಾರು ಮೂರು ತಿಂಗಳು ಕಳೆದೆ. ಅರ್ಧಕ್ಕೂ ಹೆಚ್ಚು ನನ್ನ ಊಹೆಯೇ ಆಗಿತ್ತು. ಊಹೆಯನ್ನು ಇತಿಹಾಸವೆಂದು ಜನರ ಮುಂದೆ ಇಡಲು ಮನಸ್ಸು ಒಪ್ಪದೆ ಅವನ್ನೆಲ್ಲ ಡಬ್ಬಕ್ಕೆ ಹಾಕಿ, ಛಾವಣಿ ಎತ್ತಿದರೆ ಹೊರಗೆಳೆಯಬಹುದಾದ ಟ್ರೇಗಳನ್ನು ಮರದ ನಾರನ್ನು ಒತ್ತಿ ಮಾಡಿದ ಹಲಗೆಯಾದ ಎಂಡಿಎಫ್‌ನಲ್ಲಿ ಕತ್ತರಿಸಿದೆ. ಸಂಸಾರ ನಡೆದ ಕಾಲದ್ದಕ್ಕೆ ಕಡುಗೆಂಪು, ಸೈನ್ಯದ ಕಾಲದ್ದಕ್ಕೆ ಖಾಕಿ. ಹರಾಜಿನ ನಂತರದ ಟ್ರೇಗೆ ಬಣ್ಣವನ್ನೇ ಹಚ್ಚದೆ ಬರೀ ಎಂಡಿಎಫ್ ಬಿಟ್ಟೆ.

ಒಟ್ಟು ಖರ್ಚು 4,000 ಪೌಂಡಿನ ಹತ್ತಿರ ಹೋಯಿತು, ಒಪ್ಪಿದ ಮೊತ್ತವನ್ನು ಮೀರಿದ್ದನ್ನು ನಾನೇ ಭರಿಸಿದೆ. ಪ್ರದರ್ಶನದ ಮೊದಲ ವಾರ ಪಂಜಾಬಿ ಅಜ್ಜಿಯೊಬ್ಬರು ನಡುವಿನ ಸಭಾಂಗಣವನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟರು, ಜೋಡಿ ಭಾಗವನ್ನೂ ಸರಿಸಿದರು. ಮಹಾರಾಜರ ಮನೆ ಒಂದೇ ಉಳಿದ ಮೇಲೆ, ಕೆಂಪು ಟ್ರೇ ಹಾಕಿಕೊಡುವಂತೆ ನನ್ನನ್ನು ಕೇಳಿದರು.